ಜಾತಿಯ ನಾಯಿ

ಜಾತಿಯ ವಿಷಯದಲ್ಲಿ ನಾನು ಉದಾರಿಯೆಂದು ಇಷ್ಟು ವರ್ಷವೂ ನಂಬಿಕೊಂಡು ಬಂದಿದ್ದೆ. ವಚನಕಾರರನ್ನೂ ಕನಕದಾಸರನ್ನೂ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಹಾಗೆ ನಂಬಿಕೊಳ್ಳದೆ ಗತ್ಯಂತರವೂ ಇಲ್ಲ. ಆದರೆ ಕಳೆದ ಬೇಸಗೆಯಲ್ಲಿ ಮಗಳು “ಅಪ್ಪಾ, ಮನೆಗೊಂದು ನಾಯಿ ತರೋಣ” ಎಂದಾಗ ನನ್ನ ಬಾಯಿಂದ ಬಿದ್ದ ಮೊದಲ ಮಾತು, “ತರೋಣಮ್ಮ, ಯಾವ ಜಾತಿಯದು?” ಎಂಬುದು. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಕಚ್ಚಿಕೊಂಡರೂ ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಜಾತಿಯ ವಿಚಾರವಲ್ಲದೆ ಬೇರೆ ಮಾತಿರಲಿಲ್ಲ.

ನಮ್ಮ ಜನರ ಬಾಯಲ್ಲಿ ನಾಯಿಗಳಿಗೆ ಎರಡೇ ವರ್ಣ. ಒಂದು ಜಾತಿ ನಾಯಿ, ಇನ್ನೊಂದು ಕಂತ್ರಿ ನಾಯಿ. ‘ಕಂತ್ರಿ’ ಎಂಬುದು ಇಂಗ್ಲಿಷಿನ ‘ಕಂಟ್ರಿ’ಯ ತದ್ಭವವೆಂದು ಹೇಳುತ್ತಾರೆ. ಹಾಗಿದ್ದರೆ ‘ಈ ನಾಡಿನದು’ ಎಂದಷ್ಟೇ ಅದರ ಅರ್ಥ. ದೊರೆಗಳು ಹಡಗು ಹತ್ತಿ ಎಷ್ಟೋ ಕಾಲವಾಯಿತು; ‘ಈ ನಾಡಿನದು’ ಎಂಬ ಮಾತು ಮಾತ್ರ ನಮ್ಮಲ್ಲಿ ಬೈಗುಳವಾಗಿ ಉಳಿದುಕೊಂಡಿದೆ. ಇದನ್ನು ತರಗತಿಯಲ್ಲಿ ಹೇಳಿ ವಿದ್ಯಾರ್ಥಿಗಳನ್ನು ನಗಿಸಿದವನೇ, ಮನೆಗೆ ಬಂದು ಜಾತಿ ನಾಯಿಯನ್ನು ಹುಡುಕುತ್ತ ಕುಳಿತೆ.

ನಾಯಿ ತರುವ ವಿಚಾರ ಹೊರಗೆ ಬಿದ್ದದ್ದೇ ತಡ, ನಮ್ಮ ಅಧ್ಯಾಪಕರ ಕೊಠಡಿ ಮದುವೆಯ ದಲ್ಲಾಳಿಗಳ ಚಾವಡಿಯಾಯಿತು. ಚರಿತ್ರೆಯವರು, “ಲ್ಯಾಬ್ರಡಾರ್ ತನ್ನಿ ಸಾರ್, ಹಸುವಿನಂಥ ಸ್ವಭಾವ” ಎಂದರು. ಭೌತಶಾಸ್ತ್ರದವರು, “ಹಸುವೇ ಬೇಕಿದ್ದರೆ ಹಸುವನ್ನೇ ಕಟ್ಟಬಹುದಲ್ಲ, ನಾಯಿ ಎಂದರೆ ಜರ್ಮನ್ ಶೆಫರ್ಡ್” ಎಂದರು. ವಾಣಿಜ್ಯಶಾಸ್ತ್ರದವರು ಖರ್ಚು ವೆಚ್ಚ ಲೆಕ್ಕ ಹಾಕಿ ಪಗ್‌ನ ಪರವಾಗಿ ನಿಂತರು. ಚಿಕ್ಕ ಹೊಟ್ಟೆ, ಕಡಿಮೆ ಖರ್ಚು. ಇಂಗ್ಲಿಷಿನವರೊಬ್ಬರು ಮಾತ್ರ ತಲೆಯೆತ್ತದೆ, “ಬೆಕ್ಕು ಸಾಕಿ” ಎಂದರು. ಇಷ್ಟು ಜನ ಸಲಹೆಗಾರರಲ್ಲಿ ಈಗ ಮನೆಯಲ್ಲಿ ನಾಯಿ ಇರುವವರು ಒಬ್ಬರೂ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು.

ಪುಸ್ತಕ ನೋಡದೆ ಯಾವ ಕೆಲಸಕ್ಕೂ ಕೈಹಾಕದ ಮೇಷ್ಟರ ಜಾತಿ ನನ್ನದು. ಮಗಳೂ ನಾನೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ತಳಿ, ಎತ್ತರ, ಆಹಾರ, ಸ್ವಭಾವ, ಕಾಯಿಲೆ ಎಂದು ಅಂಕಣ ಮಾಡಿ ತುಂಬತೊಡಗಿದೆವು. ತುಂಬುತ್ತ ಹೋದಂತೆ ನನಗೊಂದು ಸಂಗತಿ ಹೊಳೆಯಿತು. ನಾವು ನಾಯಿಯ ಜಾತಿ ಎನ್ನುವುದು ಬಹುಮಟ್ಟಿಗೆ ಒಂದು ಕಸುಬಿನ ಹೆಸರು. ಲ್ಯಾಬ್ರಡಾರ್‌ನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಸ್ತರ ಜೊತೆ ತಣ್ಣೀರಿಗೆ ಹಾರಿ ಬಲೆ ಎಳೆಯುತ್ತಿದ್ದವು. ಆಮೇಲೆ ಬ್ರಿಟನ್ನಿಗೆ ಹೋಗಿ ಗುಂಡಿಗೆ ಬಿದ್ದ ಹಕ್ಕಿಗಳನ್ನು ಬಾಯಲ್ಲಿ ಹೊತ್ತು ತರುವ ಕೆಲಸಕ್ಕೆ ಸೇರಿದವು. ಜರ್ಮನ್ ಶೆಫರ್ಡ್ ಹೆಸರೇ ಹೇಳುವಂತೆ ಕುರಿ ಕಾಯುವ ನಾಯಿ; 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಎಂಬ ಸೈನ್ಯಾಧಿಕಾರಿ ಅದನ್ನು ಒಂದು ತಳಿಯಾಗಿ ನೆಲೆಗೊಳಿಸಿದ. ಡ್ಯಾಶ್‌ಹುಂಡ್ ಎಂಬ ಗಿಡ್ಡ ಕಾಲಿನ ಉದ್ದ ಮೈಯ ನಾಯಿಯನ್ನು ನೋಡಿ ನಾವು ನಗುತ್ತೇವೆ; ಅದು ಬಿಲದೊಳಕ್ಕೆ ನುಗ್ಗಿ ಬೇಟೆಯಾಡಲೆಂದೇ ಹಾಗೆ ರೂಪುಗೊಂಡದ್ದು. ಆ ಉದ್ದ ಬೆನ್ನಿನಿಂದಾಗಿಯೇ ಅದಕ್ಕೆ ಬೆನ್ನುನೋವಿನ ಕಾಟ ಹೆಚ್ಚು. ಪಗ್ ಒಂದೇ, ಚೀನಾದ ಅರಮನೆಯಲ್ಲಿ ತೊಡೆಯ ಮೇಲೆ ಕುಳಿತಿರುವುದನ್ನೇ ಕಸುಬು ಮಾಡಿಕೊಂಡಿದ್ದು. ಅದರ ಸುಖಕ್ಕೂ ಒಂದು ಕೊರತೆಯಿದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು ಕಾವು ಕಳೆದುಕೊಳ್ಳಬೇಕು. ಚಪ್ಪಟೆ ಮೂತಿಯ ಪಗ್‌ಗೆ ಬಿಸಿಲಿನಲ್ಲಿ ಅದೇ ಕಷ್ಟ.

ಅಂದರೆ ಜಾತಿ ನಾಯಿಯನ್ನು ಮನೆಗೆ ತರುವುದೆಂದರೆ ಒಬ್ಬ ಕಸುಬುದಾರನನ್ನು ಕರೆತಂದು, “ಇಲ್ಲಿ ನಿನಗೆ ಕೆಲಸವಿಲ್ಲ, ಸುಮ್ಮನೆ ಕೂತಿರು” ಎಂದ ಹಾಗೆ. ಬಲೆ ಎಳೆಯಬೇಕಾದದ್ದು ಸೋಫಾ ಎಳೆಯುತ್ತದೆ. ಬಿಲ ತೋಡಬೇಕಾದದ್ದು ತುಳಸಿ ಕಟ್ಟೆ ತೋಡುತ್ತದೆ. ಆಮೇಲೆ ನಾವು ನಾಯಿ ಕೆಟ್ಟದ್ದೆನ್ನುತ್ತೇವೆ.

ಇದು ಬರಿಯ ತರ್ಕವಲ್ಲ. ದಾವಣಗೆರೆಯಲ್ಲಿ ನಮ್ಮ ಬಡಾವಣೆಯ ಕೊನೆಯ ಮನೆಯಲ್ಲಿ ಒಂದು ಹಸ್ಕಿ ಇತ್ತು. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯುವ ಕುಲದ್ದು. ಎರಡು ಪದರದ ಕೂದಲು, ನೀಲಿ ಕಣ್ಣು. ಸಂಜೆಯ ಹೊತ್ತು ಅದನ್ನು ನೋಡಲೆಂದೇ ಮಕ್ಕಳು ಸೇರುತ್ತಿದ್ದರು. ನಮ್ಮೂರಿನ ಏಪ್ರಿಲ್ ತಿಂಗಳಲ್ಲಿ ಅದು ಸ್ನಾನದ ಮನೆಯ ಒದ್ದೆ ನೆಲ ಬಿಟ್ಟು ಏಳುತ್ತಿರಲಿಲ್ಲವಂತೆ. ಒಂದು ದಿನ ಮನೆಯವರಿಗೆ ಬೇರೆ ಊರಿಗೆ ವರ್ಗವಾಯಿತು. ಸಾಮಾನು ಲಾರಿ ಹತ್ತಿತು, ನಾಯಿ ಹತ್ತಲಿಲ್ಲ. ಮೂರು ದಿನ ಅದು ಬೀಗ ಹಾಕಿದ ಗೇಟಿನ ಮುಂದೆ ಕುಳಿತಿತ್ತು. ಬೀದಿಯ ನಾಯಿಗಳು ಹತ್ತಿರ ಸೇರಿಸಲಿಲ್ಲ. ಬೀದಿಯಲ್ಲಿ ಅನ್ನ ಹುಡುಕುವ ವಿದ್ಯೆ ಅದಕ್ಕೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಯಾರೋ ಪುಣ್ಯಾತ್ಮರು ಬಂದು ಕರೆದೊಯ್ದರು. ಮಗಳು ಆ ದಿನಗಳಲ್ಲಿ ಎರಡು ಹೊತ್ತು ಅದಕ್ಕೆ ಹಾಲನ್ನ ಇಟ್ಟು ಬರುತ್ತಿದ್ದಳು. ನಾಯಿ ಬೇಕೆಂಬ ಹಠ ಹುಟ್ಟಿದ್ದು ಅಲ್ಲಿಯೇ.

ಹೀಗೆ ಹಿಮದ ನಾಯಿಗಳು ಪಟ್ಟಿಯಿಂದ ಬಿದ್ದುಹೋದ ಮೇಲೆ ನನ್ನ ಕನ್ನಡಾಭಿಮಾನ ಜಾಗೃತವಾಯಿತು. ನಮ್ಮದೇ ಮುಧೋಳದ ನಾಯಿ ಇರುವಾಗ ಪರದೇಶದ ಹಂಗೇಕೆ? ಬಾಗಲಕೋಟೆ ಜಿಲ್ಲೆಯ ಮುಧೋಳವನ್ನು ಆಳಿದ ಘೋರ್ಪಡೆ ಅರಸರು ಪೋಷಿಸಿದ ತಳಿ ಅದು. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಬಿಲ್ಲಿನಂಥ ಬೆನ್ನು. 2005ರಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ನಾಯಿ ತಳಿಗಳ ಚೀಟಿ ಹೊರತಂದಾಗ ಅದರಲ್ಲೊಂದು ಮುಧೋಳ. 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಈ ನಾಯಿಗಳಿಗಾಗಿ ಇದೆ. ಇಷ್ಟು ಓದಿ ನಾನು ಎದೆಯುಬ್ಬಿಸಿದೆ. ಮಗಳು ಮುಂದಿನ ಸಾಲನ್ನೂ ಓದಿದಳು. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ; ದೂರದಲ್ಲಿ ಮೊಲ ಕದಲಿದರೆ ಬಿಟ್ಟ ಬಾಣದಂತೆ ಹೋಗುತ್ತದೆ. ದಿನವೂ ಬಯಲಿನಲ್ಲಿ ಓಡಬೇಕು. “ನಮ್ಮ ಬೀದಿಯಲ್ಲಿ ಮೊಲದ ಬದಲು ಸ್ಕೂಟರ್ ಇದೆ ಅಪ್ಪಾ. ಅದರ ಹಿಂದೆ ನೀನು ಓಡ್ತೀಯಾ?” ಎಂದು ಕೇಳಿದಳು. ನನ್ನ ಮಂಡಿಗಳ ಸ್ಥಿತಿಯನ್ನು ಬಲ್ಲವಳು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ.

ಸೋತ ಮೇಷ್ಟರು ಹಳಗನ್ನಡಕ್ಕೆ ಓಡುವುದು ವಾಡಿಕೆ. ಆತಕೂರು ಶಾಸನದ ಕಥೆ ಹೇಳಿದೆ. ಹತ್ತನೆಯ ಶತಮಾನದ ಮಾತು. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ರಾಷ್ಟ್ರಕೂಟರೂ ಗಂಗರೂ ಗೆದ್ದ ಯುದ್ಧದಲ್ಲಿ ಗಂಗ ಬೂತುಗನ ಕಡೆಯ ಮಣಲೇರನೆಂಬ ವೀರ ಮೆರೆದ. ಒಡೆಯ ಮೆಚ್ಚಿ, ಬೇಕಾದದ್ದನ್ನು ಕೇಳಿಕೊ ಎಂದನಂತೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಸೆಣಸಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ದೇವಾಲಯದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗೆ ಎರಡು ಕಂಡುಗದ ಗದ್ದೆ ಬಿಡಿಸಿದ. ಕಲ್ಲಿಗೆ ಪೂಜೆ ಮಾಡದೆ ಊಟಕ್ಕೆ ಕೂಡುವ ಗೊರವನಿಗೆ ಪಾಪವನ್ನೂ ವಿಧಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಾಯಿಯೂ ಹಂದಿಯೂ ಇಂದಿಗೂ ಅದರ ಮೇಲೆ ಕಾದಾಡುತ್ತಿವೆ.

ಮಗಳು ಕಣ್ಣರಳಿಸಿ ಕೇಳಿದಳು. ಕೊನೆಗೆ, “ಅವನಿಗೆ ನಾಯಿ ಯಾಕೆ ಬೇಕು ಅಂತ ಗೊತ್ತಿತ್ತು. ನಮಗೆ ಯಾಕೆ ಬೇಕು?” ಎಂದಳು. ಹದಿನೈದು ವರ್ಷ ಆ ಶಾಸನವನ್ನು ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ರಜೆಯಲ್ಲಿ ಸೊಕ್ಕೆಗೆ ಹೋದೆವು. ಅದು ನನ್ನ ಹುಟ್ಟೂರು. ಜಗಳೂರು ತಾಲ್ಲೂಕಿನ ಹೋಬಳಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಾವು ಚಿತ್ರದುರ್ಗದವರು. ಮಳೆಯ ಮುಖ ನೋಡಿ ಬದುಕುವ ನಾಡು; ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಇವು ಕೈಕೊಟ್ಟ ವರ್ಷ ಕುರಿ. ದಾರಿಯಲ್ಲಿ ಮಗಳು, “ಇದು ನಮ್ಮಿಬ್ಬರಿಗೂ ಮೊದಲನೇ ನಾಯಿ ಅಲ್ವಾ ಅಪ್ಪಾ?” ಎಂದಳು. ಹೌದೆಂದೆ. ಹೇಳಿದ್ದು ಸುಳ್ಳು.

ನನಗೊಂದು ನಾಯಿಯಿತ್ತು. ಹೆಸರು ಕೆಂಚ. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ನಾವು ಸೊಕ್ಕೆ ಬಿಟ್ಟು ಪೇಟೆಗೆ ಹೊರಟ ದಿನ ಅದು ನಮ್ಮ ಲಾರಿಯ ಹಿಂದೆ ಓಡಿಬಂತು. ಊರ ಹೊರಗಿನ ತಿರುವಿನವರೆಗೆ ಅದರ ಬೊಗಳು ಕೇಳಿಸಿತು. “ನಿಲ್ಲಿಸಿ” ಎಂದು ನಾನು ಕೂಗಬಹುದಾಗಿತ್ತು, ಕೂಗಲಿಲ್ಲ. ಹೊಸ ಮನೆಯಲ್ಲಿ ಕರೆಂಟು ದೀಪವಿದೆ, ಟಿ.ವಿ. ಇದೆ ಎಂಬ ಸಂಭ್ರಮದಲ್ಲಿದ್ದೆ. ಬಡಾವಣೆಯ ಕೊನೆಯ ಮನೆಯವರನ್ನು ನಮ್ಮ ಬೀದಿಯವರೆಲ್ಲ ಬೈಯುವಾಗ ನಾನೊಬ್ಬ ಸುಮ್ಮನಿದ್ದದ್ದು ಈ ಕಾರಣಕ್ಕೆ.

ಊರ ಹೊರಗೆ, ಬಿತ್ತನೆಗೆ ಮುಂಚೆ ಗೊಬ್ಬರಕ್ಕೆಂದು ಒಂದು ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಕುರಿಯ ಅಜ್ಜ ಕಂಬಳಿಯ ಮೇಲೆ ಕುಳಿತಿದ್ದ. ನಾನು ಹುಡುಗನಾಗಿದ್ದಾಗಲೇ ಅವನಿಗೆ ಮೀಸೆ ಬೆಳ್ಳಗಾಗಿತ್ತು. ಪಕ್ಕದಲ್ಲಿ ಕಂದುಬಣ್ಣದ ಹೆಣ್ಣುನಾಯಿ, ಅದರ ಸುತ್ತ ನಾಲ್ಕು ಮರಿ. ಮಗಳು ಆಗಲೇ ಒಂದನ್ನು ಎತ್ತಿಕೊಂಡಿದ್ದಳು.

“ಏನಪ್ಪಾ ಮೇಷ್ಟ್ರೆ, ನಾಯಿ ಬೇಕಂತಲ್ಲ?”

“ಹೌದಜ್ಜ. ಯಾವ ಜಾತಿ ಒಳ್ಳೇದು ಅಂತ ವಿಚಾರ ಮಾಡ್ತಿದೀವಿ.”

“ಅದಿರ್ಲಿ. ಅದಕ್ಕೆ ಏನ್ ಕೆಲ್ಸ ಕೊಡ್ತೀಯ?”

“ಕೆಲಸ ಏನಿಲ್ಲ. ಮನೇಲಿ ಇರುತ್ತೆ.”

“ಕೆಲ್ಸ ಇಲ್ದೋನು ಮನೇಲಿ ಕುಂತ್ರೆ ಏನಾಗ್ತೈತಿ ಅಂತ ನಿಂಗೆ ಹೇಳ್ಬೇಕಾ? ಬಯಲು ಎಷ್ಟೈತಿ?”

“ಮೂವತ್ತು ನಲವತ್ತರ ಸೈಟು, ಅಜ್ಜ. ಮನೆ ಸುತ್ತ ಮೂರಡಿ ಜಾಗ.”

ಅಜ್ಜ ಹೊಲದ ಕಡೆ ಒಮ್ಮೆ ನೋಡಿದ. ಮೂರಡಿ ಎಂಬುದನ್ನು ಅವನು ಅಳೆಯುತ್ತಿದ್ದನೆಂದು ತೋರುತ್ತದೆ. “ಈ ಪಾಪು ಮುಂದೆ ಓದಾಕೆ ಹೋಗಲ್ವಾ?”

“ಮೂರು ವರ್ಷಕ್ಕೆ ಹೋಗ್ತಾಳೆ.”

“ನಾಯಿ ಹನ್ನೆರಡು ವರ್ಷ ಬಾಳ್ತೈತಿ. ಉಳಿದ ಒಂಬತ್ತು ವರ್ಷ ಅದು ಯಾರ ನಾಯಿ?”

ನಮ್ಮ ನೋಟ್‌ಬುಕ್ಕಿನ ಯಾವ ಅಂಕಣದಲ್ಲಿಯೂ ಈ ಪ್ರಶ್ನೆ ಇರಲಿಲ್ಲ. ನಾವು ಹದಿನೈದು ವರ್ಷದ ಹುಡುಗಿಗೆ ಹೊಂದುವ ನಾಯಿಯನ್ನು ಹುಡುಕುತ್ತಿದ್ದೆವು. ಹುಡುಕಬೇಕಾಗಿದ್ದದ್ದು ಐವತ್ತರ ಕಡೆಗೆ ನಡೆಯುತ್ತಿರುವ ಒಬ್ಬ ಮೇಷ್ಟರಿಗೆ, ಅವನ ಹೆಂಡತಿಗೆ ಹೊಂದುವುದನ್ನು.

“ಅನ್ನ ಹಾಕೋರು ಯಾರು? ನಿನ್ನ ಹೆಂಡ್ತೀನ ಕೇಳಿದ್ಯಾ?” ಎಂದ ಅಜ್ಜ.

ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರನ್ನೂ ಕೇಳಿದ್ದೆ. ಅವಳನ್ನು ಕೇಳಿರಲಿಲ್ಲ.

ಮಗಳು ಮರಿಯನ್ನು ಎದೆಗಪ್ಪಿಕೊಂಡೇ ಇದ್ದಳು. ಅಜ್ಜ ಮೆಲ್ಲಗೆ ಅದನ್ನು ಬಿಡಿಸಿಕೊಂಡು ತಾಯಿಯ ಹತ್ತಿರ ಬಿಟ್ಟ. “ಇದು ಬ್ಯಾಡ ಮಗಾ. ಇದರ ಅಮ್ಮ, ಅಜ್ಜಿ ಎಲ್ಲಾ ರಾತ್ರಿ ಕೂಗೋವು. ಇಲ್ಲಿ ತೋಳ ಬರ್ತೈತಿ, ಕೂಗ್ಬೇಕು. ನಿಮ್ಮ ಪ್ಯಾಟ್ಯಾಗೆ ತೋಳ ಎಲ್ಲೈತಿ? ಹಾಲಿನವನಿಗೆ ಕೂಗ್ತೈತಿ, ನೀವು ಹೊಡೀತೀರಿ.” ಕೇಳಿದವರಿಗೆ ಕೊಡದಿದ್ದ ಆ ಮರಿಯ ಬಗ್ಗೆ ನನಗೆ ಗೌರವ ಹುಟ್ಟಿತು. ಮರಿಗೆ ತಕ್ಕ ಮನೆ ನಮ್ಮದಲ್ಲವೆಂದು ತಿರಸ್ಕರಿಸಿದ ಮೊದಲ ದಲ್ಲಾಳಿ ಅವನೇ.

ಹೊರಡುವಾಗ ನಾನು ಹಿಂದೆ ಉಳಿದು, ಮೂವತ್ತೇಳು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. “ಅಜ್ಜ, ನಮ್ಮ ಕೆಂಚ ಏನಾಯ್ತು?”

“ಕೆಂಚಾನಾ? ಎರಡು ದಿನ ನಿಮ್ಮ ಬಾಗಿಲಾಗೆ ಮಲಗ್ತು. ಮೂರನೇ ದಿನ ನಮ್ಮ ರೊಪ್ಪಕ್ಕೆ ಬಂತು. ಆರು ವರ್ಷ ಕುರಿ ಕಾಯ್ತು. ಒಳ್ಳೇ ನಾಯಿ.” ನನ್ನ ಮುಖ ನೋಡಿ ಅಜ್ಜನಿಗೆ ಏನೋ ಅರ್ಥವಾಗಿರಬೇಕು. “ಊರ ನಾಯಿಗೆ ಹತ್ತು ಬಾಗ್ಲು ಕಣಪ್ಪಾ. ಒಂದು ಮುಚ್ಚಿದ್ರೆ ಇನ್ನೊಂದು. ನೀವು ರೊಕ್ಕ ಕೊಟ್ಟು ತಂದು ಕಟ್ಟಿಹಾಕೋದಕ್ಕೆ ಒಂದೇ ಬಾಗ್ಲು” ಎಂದ.

ಕೆಂಚ ನನ್ನನ್ನು ಮೂರೇ ದಿನಕ್ಕೆ ಮರೆಯಿತೆಂದು ಆ ರಾತ್ರಿ ಸ್ವಲ್ಪ ನೋವೂ ಆಯಿತು, ಬಹಳ ಹಗುರವೂ ಆಯಿತು. ದಾವಣಗೆರೆಯ ಹಸ್ಕಿಗೂ ಸೊಕ್ಕೆಯ ಕೆಂಚನಿಗೂ ಇದ್ದ ವ್ಯತ್ಯಾಸ ಜಾತಿಯದಲ್ಲ, ಬಾಗಿಲಿನದು. ನಾವು ಮನೆಯೊಳಗೆ ತಂದ ಗಳಿಗೆಯಿಂದ ಯಾವ ಜಾತಿಯ ನಾಯಿಯೂ ಒಂದೇ ಬಾಗಿಲಿನ ನಾಯಿಯಾಗುತ್ತದೆ. ಆದ್ದರಿಂದ ಮೊದಲು ಅಳೆಯಬೇಕಾದದ್ದು ನಾಯಿಯ ಎತ್ತರವನ್ನಲ್ಲ. ನಮ್ಮ ಅಂಗಳವನ್ನು, ನಮ್ಮ ಬೆಳಗಿನ ಹೊತ್ತನ್ನು, ಮುಂದಿನ ಹನ್ನೆರಡು ವರ್ಷವನ್ನು. ಅದಕ್ಕೆ ಹೊಂದುವ ನಾಯಿ ಆಮೇಲೆ ಸಿಕ್ಕೀತು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಬದಿಗಿಟ್ಟು, “ಯಾವಾಗ ಕೇಳ್ತೀರಿ ಅಂತ ನೋಡ್ತಿದ್ದೆ” ಎಂದಳು. ಆಮೇಲೆ ನಮ್ಮಿಬ್ಬರನ್ನೂ ಕರೆದುಕೊಂಡು ಹಿಂದಿನ ಓಣಿಗೆ ಹೋದಳು. ಚರಂಡಿಯ ಕಲ್ಲುಚಪ್ಪಡಿಯ ಕೆಳಗೆ ಒಂದು ಬೀದಿನಾಯಿ ಮರಿ ಹಾಕಿತ್ತು. ರಾತ್ರಿ ಉಳಿದ ರೊಟ್ಟಿ ಅನ್ನವನ್ನು ವರ್ಷದಿಂದ ಅದಕ್ಕೆ ಹಾಕಿಕೊಂಡು ಬಂದವಳು ಅವಳೇ ಎಂಬುದು ಅಂದು ತಿಳಿಯಿತು. ಗಂಡುಮರಿಗಳನ್ನು ಯಾರ್ಯಾರೋ ಒಯ್ದಿದ್ದರು. ಉಳಿದದ್ದು ಒಂದು ಹೆಣ್ಣು. ಮೈಯೆಲ್ಲ ಕಪ್ಪು, ಮುಂಗಾಲಿನ ತುದಿ ಬಿಳಿ. ಹೆಣ್ಣಾದರೆ ಮರಿಗಳ ರಗಳೆಯೆಂದು ಯಾರೂ ಮುಟ್ಟಿರಲಿಲ್ಲ. “ಎರಡು ತಿಂಗಳು ತುಂಬೋವರೆಗೂ ತಾಯಿ ಹತ್ತಿರ ಇರಲಿ. ಆಮೇಲೆ ಇದು” ಎಂದಳು. ನಮ್ಮ ಪಟ್ಟಿಯನ್ನು ಅವಳು ನೋಡಲೂ ಇಲ್ಲ.

ಬೀದಿಯ ಮರಿಯೆಂದರೆ ತಾನಾಗಿಯೇ ಬೆಳೆದುಕೊಳ್ಳುತ್ತದೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಮರಿಗಳ ರಕ್ತಭೇದಿಗೆ ಕಾರಣವಾದ ಪಾರ್ವೊ ರೋಗಕ್ಕೆ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿವರ್ಷ, ಜಂತುವಿನ ಔಷಧ, ವಯಸ್ಸಿಗೆ ಬಂದಾಗ ಸಂತಾನಹರಣ ಚಿಕಿತ್ಸೆ, ಎಲ್ಲವೂ ಇದಕ್ಕೂ ಬೇಕು. ಚಿಹ್ನೆಗಳು ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ತಾಯಿನಾಯಿಗೂ ಚಿಕಿತ್ಸೆ, ಲಸಿಕೆ ಎರಡನ್ನೂ ಮಾಡಿಸಿ ಅದೇ ಓಣಿಗೆ ಬಿಟ್ಟೆವು. ಅದಕ್ಕೆ ಹತ್ತು ಬಾಗಿಲಿದೆ.

ಪಶುವೈದ್ಯರ ಬಳಿ ಕಾರ್ಡು ಬರೆಸುವಾಗ ಹೆಸರಿನ ಮುಂದೆ ಮಗಳು ‘ಕಾಳಿ’ ಎಂದು ಹೇಳಿದಳು. ಆತಕೂರಿನ ಕಥೆ ವ್ಯರ್ಥವಾಗಿರಲಿಲ್ಲ. ತಳಿಯ ಅಂಕಣದ ಮುಂದೆ ವೈದ್ಯರು ‘ನಾನ್ ಡಿಸ್ಕ್ರಿಪ್ಟ್’ ಎಂದು ಬರೆದರು. ಇಂಥದೆಂದು ವಿವರಿಸಿ ಹೇಳಲು ಬಾರದ್ದು ಎಂದು ಅದರ ಅರ್ಥವಂತೆ. ಅನಿರ್ವಚನೀಯ! ವೇದಾಂತಿಗಳು ದೊಡ್ಡ ತತ್ತ್ವಗಳಿಗೆ ಇಟ್ಟುಕೊಂಡಿದ್ದ ಮಾತನ್ನು ಪಶುವೈದ್ಯರು ಬೀದಿಯ ಮರಿಗೆ ದಯಪಾಲಿಸಿದ್ದರು. ಜಾತಿಯಿಲ್ಲದವಳಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

ಬಿರುದಾಂಕಿತೆಯ ನಡತೆ ಬಿರುದಿಗೆ ತಕ್ಕಂತಿಲ್ಲ. ನನ್ನ ಎರಡು ಜೊತೆ ಚಪ್ಪಲಿ, ಒಂದು ಛತ್ರಿ, ತಳಿಗಳ ಪಟ್ಟಿ ಬರೆದಿದ್ದ ನೋಟ್‌ಬುಕ್ಕು, ಇಷ್ಟು ಈವರೆಗೆ ಅವಳ ಹಲ್ಲಿಗೆ ಬಲಿಯಾಗಿವೆ. ನೋಟ್‌ಬುಕ್ಕಿನಲ್ಲಿ ಜರ್ಮನ್ ಶೆಫರ್ಡಿನ ಪುಟ ಮಾತ್ರ ಉಳಿದಿದೆ.

ಈ ಸಲ ಸಂಕ್ರಾಂತಿಗೆ ಸೊಕ್ಕೆಗೆ ಹೋದಾಗ ಲಾರಿಯಿಂದ ಯಾರೂ ಹಿಂದೆ ಉಳಿಯಬಾರದೆಂದು ಕಾಳಿಯನ್ನೂ ಕರೆದೊಯ್ದೆವು. ಕುರಿಯ ಅಜ್ಜ ಅವಳ ಬಾಯಿ ಬಿಡಿಸಿ ಹಲ್ಲು ನೋಡಿದ, ಪಕ್ಕೆ ಸವರಿದ. ಯಾವ ಜಾತಿಯೆಂದು ಕೇಳಲಿಲ್ಲ.

“ಏನ್ ಕೆಲ್ಸ ಮಾಡ್ತೈತಿ?” ಎಂದ.

ನನ್ನ ಹೆಂಡತಿ ಹೇಳಿದಳು: “ನಮ್ಮನೆಯವರನ್ನ ಬೆಳಗ್ಗೆ ಐದೂವರೆಗೆ ಎಬ್ಬಿಸಿ, ಎರಡು ಮೈಲಿ ನಡೆಸಿ, ವಾಪಸ್ಸು ಮನೆಗೆ ತಂದು ಬಿಡ್ತದೆ ಅಜ್ಜ.”

ಅಜ್ಜ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ.

“ಹಂಗಾರೆ ಒಂದು ಕುರಿ ಕಾಯ್ತೈತಿ ಅನ್ನು” ಎಂದ.